ಕಾಡಿಗೆ ಬೆರಳು

ಮುಂದಿನ ಸೀಟಿನ ತಾಯಿಯ ಹೆಗಲ ಮೇಲಿಂದ ಒಂದು ಕೂಸು ಹಿಂದಕ್ಕೆ ನೋಡುತ್ತಿದೆ, ಕೆನ್ನೆಯ ಮೇಲೆ ಹುಣಸೆಬೀಜದಷ್ಟು ಕಪ್ಪು ಬೊಟ್ಟು, ಕಣ್ಣಿನ ಕಾಡಿಗೆ ಬೆವರಿಗೆ ಕರಗಿ ಕಿವಿಯವರೆಗೂ ಇಳಿದಿದೆ, ನೋಡಬಾರದು, ಹೊರಗೆ ನೋಡಬೇಕು ಎಂದು ಶೀಲಾ ಮುಖ ತಿರುಗಿಸಿದಳು, ಹೊರಗೆ ಕಾಲುವೆ, ಭತ್ತದ ಗದ್ದೆ, ಬಳ್ಳಾರಿಯ ಕೆಂಪು ಧೂಳು ಹಿಂದೆ ಉಳಿದು ಬಸ್ಸು ಸಿರುಗುಪ್ಪದ ಹಸಿರಿಗೆ ಬಂದಾಗಿದೆ, ಆದರೂ ಕಣ್ಣು ಮತ್ತೆ ಆ ಕೆನ್ನೆಗೇ ಹೋಗುತ್ತದೆ — ಮನೆಯಲ್ಲಿ ಮಾಡಿದ್ದೇ ಇರಬೇಕು, ಅಂಗಡಿಯದಕ್ಕೆ ಇಷ್ಟು ಕಪ್ಪು ಎಲ್ಲಿಂದ ಬರಬೇಕು, ಔಡಲೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಅಂಟಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸಿ — ಟೀಚರ್, ನಮ್ಮನ್ಯಾಗ ಕಾಡಿಗಿ ನಾನ ಮಾಡತೀನ್ರಿ, ಅಂದಿದ್ದಳು ಗಾದೆಮ್ಮ, ಎರಡನೆಯ ಬೆಂಚಿನ ತುದಿಯಿಂದ, ಎದ್ದು ನಿಂತು. ಕುರುಗೋಡಿನ ಆ ಹತ್ತನೆಯ ತರಗತಿಯಲ್ಲಿ ಹಾಜರಿ ಕೂಗುವಾಗ ಬಿಟ್ಟರೆ ಆಕೆಯ ದನಿ ಕೇಳಿದವರೇ ಇಲ್ಲ, ಎಳೆಗೂಸು ತಮ್ಮ ತೀರಿಕೊಂಡ ಮೇಲಂತೂ ಅದೂ ಇಲ್ಲ, ಬರೀ ಕೈ ಎತ್ತುತ್ತಿದ್ದಳು. ಅಂದು ಬಾಯಿ ಬಿಟ್ಟಳು. ಶೀಲಾಗೆ ಎಷ್ಟು ಹಿಗ್ಗಾಗಿತ್ತು, ಗೆದ್ದೆ ಅಂದುಕೊಂಡಿದ್ದಳು, ಪಾಠ ಮನೆಯೊಳಗೆ ಹೋಯಿತು ಅಂದುಕೊಂಡಿದ್ದಳು. ಹೋಯಿತು, ಹೋಗದೆ ಏನು. ಆಮೇಲೆ ಆ ಬೆರಳು. ಬೇಡ, ಈಗ ಬೇಡ.

ನ್ಯಾನೊ ಎಂಬ ಪದವನ್ನು ಆ ಶಾಲೆಗೆ ಹೊತ್ತು ತಂದವಳೇ ಅವಳು, ಯಾರೂ ಕೇಳಿರಲಿಲ್ಲ, ಪಠ್ಯದಲ್ಲಿ ಇರಲಿಲ್ಲ, ಬಳ್ಳಾರಿಯ ತರಬೇತಿಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದವರು ಹೇಳಿದ್ದರು, ಪ್ರಯೋಗಾಲಯ ಇಲ್ಲವೆಂದು ಅಳಬೇಡಿ, ಮಕ್ಕಳ ಅಡುಗೆಮನೆಯಿಂದಲೇ ಶುರು ಮಾಡಿ, ಆ ಮಾತು ಅವಳಿಗೆ ನಾಟಿಬಿಟ್ಟಿತು, ಬೇರೆಯವರೆಲ್ಲ ಊಟದ ಸಾಲಿಗೆ ಓಡುತ್ತಿದ್ದರೆ ಇವಳು ನಿಂತು ಬರೆದುಕೊಂಡಳು. ಮೊದಲು ಕೂದಲು. ನ್ಯಾನೊ ಅಂದರೆ ಒಂದು ಕೂದಲನ್ನು ಉದ್ದಕ್ಕೆ ಎಂಬತ್ತು ಸಾವಿರ ಸಲ ಸೀಳಿದರೆ ಒಂದು ಎಳೆ ಎಷ್ಟೋ ಅಷ್ಟು, ಅಂದಾಗ ಹಂಪೇಶ, ಟೀಚರ್ ಯಾವ ಬ್ಲೇಡಿನಾಗ ಸೀಳತಾರ್ರಿ, ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಅವಳೂ ನಕ್ಕಳು. ಆಮೇಲೆ ಚಮಚ. ಮೇಣದಬತ್ತಿಯ ಜ್ವಾಲೆಗೆ ಸ್ಟೀಲ್ ಚಮಚ ಹಿಡಿದು ಮಸಿ ಕಟ್ಟಿಸಿದಳು, ಗಾದೆಮ್ಮ ಎದ್ದು ಬಾಯಿ ಬಿಟ್ಟದ್ದು ಆಗಲೇ, ಆರಿದ ಮೇಲೆ ಒಂದು ಹನಿ ನೀರು — ಹನಿ ಒದ್ದೆ ಮಾಡಲೇ ಇಲ್ಲ, ಗುಂಡಗೆ ನಿಂತಿತು, ಚಮಚ ಓರೆ ಮಾಡಿದರೆ ಓಡಿತು, ಬೆಂಚು ಬಿಟ್ಟು ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು, ನಂಗ್ರಿ, ನಂಗ್ರಿ ಟೀಚರ್. ಮಸಿಯ ಕಣ ಎಷ್ಟು ಸಣ್ಣದೆಂದರೆ ಅದರ ಸಂದಿಯಲ್ಲಿ ಗಾಳಿ ಸಿಕ್ಕಿಬಿದ್ದಿದೆ, ನೀರು ಆ ಗಾಳಿಯ ಮೇಲೆ ಕೂತಿದೆ, ಅಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಮಕ್ಕಳು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು, ಆ ಮುಖಗಳನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಇನ್ನೊಂದು ಮಾತು ಸೇರಿಸಿದಳು. ಇಷ್ಟು ಸಣ್ಣದಕ್ಕೆ ಮೈಯೊಳಗೆ ಯಾವ ಗೋಡೆಯೂ ಅಡ್ಡ ಬರಲ್ಲ ನೋಡಿ, ಕಣ್ಣಿಂದ, ಮೂಗಿಂದ ಹೋಗಿ ರಕ್ತಕ್ಕೆ ಸೇರುತ್ತೆ, ಎಲ್ಲಿ ಬೇಕಾದರೂ ಹೋಗಿ ಕೂರುತ್ತೆ, ನೀವೆಲ್ಲ ಹಚ್ಚಿಕೊಳ್ಳುವ ಕಾಡಿಗೆಯೂ ಇದೇ. ಎಲ್ಲರೂ ಅಬ್ಬಾ ಅಂದರು. ಗಾದೆಮ್ಮ ಆಗಷ್ಟೇ ಚಮಚದ ಮಸಿಯನ್ನು ಉಂಗುರಬೆರಳಿನ ತುದಿಗೆ ತೆಗೆದುಕೊಂಡಿದ್ದಳು, ಕೂಸಿಗೆ ಹಚ್ಚುವವರು ತೆಗೆದುಕೊಳ್ಳುವ ಹಾಗೆ, ಮೆಲ್ಲಗೆ, ಉಗುರು ತಾಗದಂತೆ. ಆ ಬೆರಳು ಗಾಳಿಯಲ್ಲಿ ಹಾಗೇ ನಿಂತಿತು. ಗಂಟೆ ಹೊಡೆದು ಎಲ್ಲರೂ ನಲ್ಲಿಗೆ ಓಡಿದರೂ ಆಕೆ ಒರೆಸಿಕೊಳ್ಳಲಿಲ್ಲ, ಉಳಿದ ಬೆರಳುಗಳಿಂದ ದೂರ ಹಿಡಿದುಕೊಂಡೇ ಗೇಟು ದಾಟಿದಳು, ಶೀಲಾ ಕಿಟಕಿಯಿಂದ ನೋಡಿದಳು, ನೋಡಿ, ಪಾಪ ಇನ್ನೂ ಅದೇ ಗುಂಗಿನಲ್ಲಿದ್ದಾಳೆ, ಅಂದುಕೊಂಡಳು. ಆಕೆಯ ತಮ್ಮ ತೀರಿಹೋದದ್ದು ಗೊತ್ತಿತ್ತು, ಗೊತ್ತಿದ್ದೂ.

ಟಿಕೆಟ್ ಟಿಕೆಟ್ ಎನ್ನುತ್ತ ಕಂಡಕ್ಟರ್ ಬಂದ, ಆಗಲೇ ತಗೊಂಡಿದ್ದೀನಿ ಅಂದಳು, ಆತ ಹೋದ. ಕೂಸು ನಿದ್ದೆಗೆ ಜಾರಿದೆ, ಕೆನ್ನೆ ತಾಯಿಯ ಹೆಗಲಿಗೆ ಒತ್ತಿ ಬೊಟ್ಟು ಸೀರೆಗೆ ಹತ್ತಿದೆ. ಆ ಪಾಠದ ಮೇಲೆ ಗಾದೆಮ್ಮ ಶಾಲೆಗೆ ಬರಲಿಲ್ಲ. ಬಂದದ್ದು ತಾಯಿ ಪಕ್ಕೀರಮ್ಮ, ಹೆಸರು ತೆಗೆಸಲು, ಹೆಡ್‌ಮಾಸ್ತರು ದೊಡ್ಡಬಸವರಾಜರ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿ ಬಾಯಿಗೆ ಹಿಡಿದು, ಒಲ್ಲೆ ಅಂತಾಳ್ರಿ, ಕಾಡಿಗಿ ಡಬ್ಬಿ ಒಯ್ದು ಬಾವ್ಯಾಗ ಒಗದಾಳ್ರಿ, ತಮ್ಮನ್ನ ನಾನ ಕೊಂದೆ ಅಂತಾಳ್ರಿ, ದಿನಾ ಕಣ್ಣಿಗೆ ಹಚ್ಚಿ ಕೊಂದೆ ಅಂತ, ಡಾಕ್ಟರು ಹೇಳ್ಯಾರ್ರಿ ಎದ್ಯಾಗ ತೂತು ಇತ್ತು ಹುಟ್ಟಿನಿಂದ ಅಂತ, ನಾ ಹೇಳಿದ್ರ ಕೇಳಂಗಿಲ್ಲ, ಸಿರುಗುಪ್ಪಕ್ಕ ನನ್ನ ತಂಗಿ ಮನಿಗಿ ಕಳಿಸೀನಿ. ತಪ್ಪು ಯಾರದೆಂದು ಆಯಮ್ಮ ಕೇಳಲಿಲ್ಲ, ಶೀಲಾಳ ಕಡೆ ದೂರಿನ ಒಂದು ನೋಟವನ್ನೂ ಹಾಕಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೀವು ಪಾಠ ಮಾಡಿದ್ರಿ ಅಷ್ಟೆ ಮೇಡಂ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ಅಂದರು ದೊಡ್ಡಬಸವರಾಜರು, ಆದರೂ ಅರ್ಜಿಯನ್ನು ಮೇಜಿನ ಖಾನೆಗೆ ಹಾಕಿ, ಒಂದು ವಾರ ಬಿಟ್ಟು ಬಾರಮ್ಮ ಅಂದು ಕಳಿಸಿದರು. ಆ ವಾರ ಮುಗಿಯುತ್ತಿದೆ. ಇವತ್ತು ಬೆಳಿಗ್ಗೆ ಬಳ್ಳಾರಿ ಗಾಂಧಿನಗರದ ಮನೆಯಲ್ಲಿ ಕನ್ನಡಿಯ ಮುಂದೆ ಕಾಡಿಗೆ ಕಡ್ಡಿ ಕೈಗೆತ್ತಿಕೊಂಡು ಹಾಗೇ ಕೆಳಗಿಟ್ಟಳು, ಬೋಳು ಕಣ್ಣಲ್ಲಿ ಯಾರದೋ ಮುಖದಂತೆ ಕಂಡಿತು ಮುಖ. ತೂತು ಹುಟ್ಟಿನಿಂದ ಇತ್ತು, ಕಾಡಿಗೆ ಹುಟ್ಟಿದ ಮೇಲೆ ಬಂತು, ಮೊದಲಿನದಕ್ಕೆ ಆಮೇಲಿನದು ಹೇಗೆ ಕಾರಣವಾದೀತು — ಇಷ್ಟೇ, ಇದೊಂದು ಸಾಕು, ಜಾಣೆ, ತಿಳಿದುಕೊಳ್ಳುತ್ತಾಳೆ, ಬಸ್ಸು ಹತ್ತಿದಾಗಿನಿಂದ ಇದನ್ನೇ ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದಾಳೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿ, ಹೊಟ್ಟು ಉರಿದ ಕರಿಬೂದಿ ಮೇಲಿಂದ ಒಂದೊಂದೇ ಇಳಿಯುತ್ತಿದೆ, ಒಣಹಾಕಿದ ಬಟ್ಟೆಯ ಮೇಲೆ, ಕಟ್ಟೆಯ ಮೇಲೆ, ಶೀಲಾಳ ತೋಳಿನ ಮೇಲೆ, ದೇವರೇ, ಎಂಥ ಊರಿಗೆ ಕಳಿಸಿದರು ಈ ಹುಡುಗಿಯನ್ನು. ಚಿಕ್ಕಮ್ಮ ಮೀನಾಕ್ಷಿ ಚಾಪೆ ಹಾಸಿ, ಬರ್ರಿ ಟೀಚರಮ್ಮ, ನೋಡ್ರಿ ಹೆಂಗ ಮಾಡ್ಯಾಳ, ಎನ್ನುತ್ತಾಳೆ, ನೀರಿನ ಕೊಡಗಳಿಗೆಲ್ಲ ಎರಡೆರಡು ಪದರ ಬಟ್ಟೆ ಕಟ್ಟಿದೆ, ಮೀನಾಕ್ಷಿಯ ಅಂಬೆಗಾಲಿನ ಮಗಳ ಮೂಗು ಬಾಯಿಗೂ ಕರವಸ್ತ್ರ ಬಿಗಿದಿದೆ, ಅದು ಕಿತ್ತೆಸೆಯಲು ನೋಡುತ್ತ ಅಳುತ್ತಿದೆ, ದಿನಾ ನಾಕ ಸಲ ಕಸಾ ಹೊಡಿತಾಳ್ರಿ, ಕೂಸಿನ್ನ ಮುಟ್ಟಂಗಿಲ್ಲ, ದೂರದಿಂದ ಕಾಯತಾಳ. ಗಾದೆಮ್ಮ ಬಾಗಿಲಿನ ಹತ್ತಿರ ಕೂತಿದ್ದಾಳೆ, ಇಳಿದುಹೋಗಿದ್ದಾಳೆ, ಟೀಚರ್ ಬಂದರೆಂದು ಎದ್ದು ನಿಂತು ಮತ್ತೆ ಕೂತಳು, ಆಗಲೂ ಅದೇ ಮರ್ಯಾದೆ. ಶೀಲಾ ಹತ್ತಿರ ಸರಿದು ಬಾಯಿಪಾಠ ಒಪ್ಪಿಸಿದಳು, ಗಾದೆಮ್ಮಾ, ತಮ್ಮನ ಎದಿಯಾಗ ತೂತು ಹುಟ್ಟಿನಿಂದ ಇತ್ತು, ನೀ ಕಾಡಿಗಿ ಹಚ್ಚೋಕಿಂತ ಮೊದಲ ಇತ್ತು, ಹಂಗಾದ್ರ ಅದು ನಿನ್ನಿಂದ ಹೆಂಗಾತು ಹೇಳು. ಹುಡುಗಿ ನೆಲ ನೋಡುತ್ತ, ತಡೆಯದೆ, ಎಷ್ಟೋ ದಿನದಿಂದ ತಯಾರಿದ್ದ ಉತ್ತರ ಹೇಳುವವಳಂತೆ — ಅದು ಗೊತ್ತೈತ್ರಿ ಟೀಚರ್, ಆದ್ರ ಅವ್ವ ಬಸುರಿ ಇದ್ದಾಗನೂ ನಾ ಮಾಡಿದ ಕಾಡಿಗೀನ ಹಚ್ಚಿಕೊಂತಿದ್ಲು, ನೀವ ಹೇಳಿದ್ರಲ್ರಿ, ಅಷ್ಟು ಸಣ್ಣದಕ್ಕ ಯಾವ ಗ್ವಾಡಿನೂ ಅಡ್ಡ ಬರಂಗಿಲ್ಲಂತ.

ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಆ ತರಗತಿಯಲ್ಲಿ ಮತ್ತೊಬ್ಬರಿಲ್ಲ, ಎಂಥ ಮಗು, ಎದುರು ಪ್ರಶ್ನೆ ಹಾಕಿದ್ದಾಳೆ, ತರಗತಿಯಲ್ಲಾಗಿದ್ದರೆ ಚಪ್ಪಾಳೆ ಹೊಡೆಸುತ್ತಿದ್ದಳು — ಶೀಲಾ ತರಬೇತಿಯಲ್ಲಿ ಕೇಳಿದ್ದು, ಅರ್ಧ ಓದಿದ್ದು, ಎಲ್ಲವನ್ನೂ ಒಳಗೇ ತಡಕಾಡಿದಳು, ಇಲ್ಲ, ಖಂಡಿತ ಇಲ್ಲ ಎಂದು ಮೇಜು ಗುದ್ದಿ ಹೇಳುವಷ್ಟು ಅವಳಿಗೆ ತಿಳಿದೇ ಇರಲಿಲ್ಲ, ತಿಳಿದದ್ದು ಅಂದೂ ಅಷ್ಟೇ ಇತ್ತು. ನಾ ನನಗ ಗೊತ್ತಿದ್ದಕ್ಕಿಂತ ಹೆಚ್ಚು ಹೇಳಿಬಿಟ್ಟೆ ಗಾದೆಮ್ಮಾ, ಅಂದಳು, ನೀವೆಲ್ಲ ಬಾಯಿ ತೆರಕೊಂಡು ಕೇಳತಿದ್ರಿ, ಆ ಖುಷಿಗೆ ಹೇಳಿದೆ, ಕಾಡಿಗಿಯಿಂದ ಎದಿ ತೂತು ಬೀಳತೈತಿ ಅಂತ ಯಾರೂ ನನಗ ಕಲಿಸಿಲ್ಲ, ಎಲ್ಲೂ ಓದಿಲ್ಲ, ತಪ್ಪು ನಂದು, ನಿಂದಲ್ಲ. ಹುಡುಗಿ ಕತ್ತೆತ್ತಿ ನೋಡಿದಳು, ಹ್ಞೂಂರಿ ಟೀಚರ್, ಎಂದು ತಲೆಯಾಡಿಸಿದಳು — ಶೀಲಾಗೆ ಚೆನ್ನಾಗಿ ಪರಿಚಯವಿದ್ದ ತಲೆಯಾಡಿಸುವಿಕೆ, ಪಾಠ ತಿಳಿಯದಿದ್ದರೂ ಟೀಚರಿಗೆ ಬೇಜಾರಾಗಬಾರದೆಂದು ಮಕ್ಕಳು ಆಡಿಸುವಂಥದ್ದು. ಮೇಲಿಂದ ಒಂದು ಬೂದಿಯ ಎಸಳು ಇಳಿದು ಆಕೆಯ ಲಂಗದ ಮೇಲೆ ಕೂತಿತು, ಆಕೆ ಅದನ್ನು ಕೊಡವಿದಳು, ಬಲಗೈಯಿಂದಲೇ, ಆದರೆ ಉಂಗುರಬೆರಳನ್ನು ಮೇಲಕ್ಕೆತ್ತಿ, ಅದು ಬಟ್ಟೆಗೂ ತಾಗಬಾರದು ಎಂಬಂತೆ, ಕಲ್ಲಿಗೆ ಉಜ್ಜಿ ಉಜ್ಜಿ ತೊಗಲು ಎದ್ದಿದೆ ಅದರ ತುದಿಗೆ, ಕೆಂಪಗೆ, ಕಪ್ಪು ಎಲ್ಲೂ ಇಲ್ಲ, ಒಂದು ಚುಕ್ಕೆಯೂ ಇಲ್ಲ, ಆದರೂ ಆ ಬೆರಳು, ಉಳಿದ ಬೆರಳುಗಳಿಂದ ದೂರ, ಗಾಳಿಯಲ್ಲಿ, ಆ ಬೆರಳು