ಸೋದರತ್ತೆಯ ಕುಡಿತ

ನಮ್ಮ ಯಜಮಾನರು ಇಂಧನ ಇಲಾಖೆಯಲ್ಲಿ ಪ್ರಚಾರಾಧಿಕಾರಿ. ಪೆಟ್ರೋಲಿಗೆ ಎಥನಾಲ್ ಬೆರೆಸಲು ಶುರುವಾದಾಗಿನಿಂದ ಜನ ದೂರು ಬರೆಯುವುದು, ಇವರು ಸಮಾಧಾನ ಬರೆಯುವುದು, ಎರಡೂ ಬಿಡುವಿಲ್ಲದೆ ನಡೆದಿದೆ. ಇವರ ಸಮಾಧಾನದಲ್ಲಿ ಒಂದು ಪದ ಖಾಯಂ: ನಗಣ್ಯ. ಮೈಲೇಜು ಬಿದ್ದರೆ ಪರಿಣಾಮ ನಗಣ್ಯ, ಪೈಪು ಹಾಳಾದರೆ ಅದರ ಸಾಧ್ಯತೆ ನಗಣ್ಯ. ಆ ಪದ ಮೆಲ್ಲಗೆ ಮನೆಯೊಳಗೂ ಕಾಲಿಟ್ಟಿತು. ನಿಮ್ಮ ಗೊರಕೆಗೆ ನನಗೆ ನಿದ್ದೆಯಿಲ್ಲ ಎಂದು ನಾನು ಹೇಳಿದರೂ ಅದೇ ಉತ್ತರ ಬರತೊಡಗಿತು.

ನನ್ನದು ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಕೆಲಸ. ಇರುವುದು ಒಂದೇ ಕಾರು, ಅಪ್ಪ ಓಡಿಸಿ ಸಾಕಾಗಿ ನನಗೆ ದಾಟಿಸಿದ್ದು. ಅದು ಬೆಳಿಗ್ಗೆ ಗೊಣಗಿಕೊಂಡೇ ಹೊರಡುತ್ತದೆ, ದಾರಿಯಲ್ಲಿ ಸಿಕ್ಕವರ ಮೇಲೆಲ್ಲ ಸಿಡುಕುತ್ತದೆ, ಆದರೆ ಕಷ್ಟಕಾಲದಲ್ಲಿ ಕೈ ಬಿಡುವುದಿಲ್ಲ. ಹಾಗಾಗಿ ಅದಕ್ಕೆ ಸೋದರತ್ತೆ ಎಂದೇ ಹೆಸರು ಬಿದ್ದಿದೆ. ಕಲಿಯಲು ಬಂದವರೂ ಹಾಗೇ ಕರೆಯುತ್ತಾರೆ, ಬಾಗಿಲು ಹಾಕುವಾಗಲೂ ಒಂದು ಮರ್ಯಾದೆ ಇಟ್ಟುಕೊಂಡು ಹಾಕುತ್ತಾರೆ.

ನನ್ನ ಪಾಠದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವುಂಟು. ಗಾಡಿ ನಡುದಾರಿಯಲ್ಲಿ ಆಫ್ ಆದರೆ ನೆಪ ಹೇಳುವಂತಿಲ್ಲ. ಮೊದಮೊದಲು ಒಬ್ಬಳು ಚಪ್ಪಲಿಯನ್ನು ಬೈಯುತ್ತಿದ್ದಳು, ಇನ್ನೊಬ್ಬಳು ಎದುರಿಗೆ ಬಂದ ನಾಯಿಯನ್ನು, ಮತ್ತೊಬ್ಬಳು ಫೋನು ಮಾಡಿದ ಅತ್ತೆಯನ್ನು. ನನಗೆ ತಲೆ ಕೆಟ್ಟುಹೋಯಿತು. ಕ್ಲಚ್ಚು ಬಿಟ್ಟದ್ದು ನಿನ್ನ ಕಾಲು ತಾನೇ? ಹಾಗಾದರೆ "ತಪ್ಪು ನಂದು" ಅಂತ ಗಟ್ಟಿಯಾಗಿ ಹೇಳು, ಆಮೇಲೆ ಕೀ ತಿರುಗಿಸು. ಹೇಳದಿದ್ದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಹೀಗೆ ಹೇಳಿ ಹೇಳಿ ಅದು ಎಲ್ಲರ ನಾಲಿಗೆಗೂ ಅಂಟಿಕೊಂಡುಬಿಟ್ಟಿತು.

ಈ ಹೊಸ ಪೆಟ್ರೋಲು ಬಂದ ಮೇಲೆ ಸೋದರತ್ತೆ ಕಂಡಕಂಡಲ್ಲಿ ನಿಲ್ಲತೊಡಗಿದಳು. ಸಿಗ್ನಲ್ಲಿನಲ್ಲಿ ನಿಂತರೆ ಎರಡು ಸಲ ನಡುಗಿ ಉಸಿರು ಬಿಡುತ್ತಿದ್ದಳು. ಸ್ಟಿಯರಿಂಗ್ ಹಿಡಿದ ಹುಡುಗಿ ಪಾಪ, ತಪ್ಪು ನಂದು, ತಪ್ಪು ನಂದು ಎಂದು ಜಪ ಮಾಡುತ್ತ ಕೀ ತಿರುಗಿಸುತ್ತಿದ್ದಳು. ಕೊನೆಗೆ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ಟು ಎತ್ತಿ ಮೂಸಿ ನೋಡಿದ.

"ಏನಕ್ಕ, ಈ ವಯಸ್ಸಲ್ಲಿ ಇವಳಿಗೆ ಕುಡಿಯೋಕೆ ಕಲಿಸಿದೀರಲ್ಲ" ಎಂದ.

ಪೆಟ್ರೋಲು ಹೋಗುವ ಪೈಪನ್ನು ಅವನು ಉಗುರಿನಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಒಳಗಿಳಿಯಿತು.

"ಹಳೇ ರಬ್ಬರಿಗೆ ಈ ಎಥನಾಲ್ ಆಗಿಬರಲ್ಲಕ್ಕ. ಮೆತ್ತಗಾಗುತ್ತೆ. ಜೊತೆಗೆ ಟ್ಯಾಂಕಲ್ಲಿರೋ ಹಳೇ ಕೊಳೆನೆಲ್ಲ ತೊಳ್ಕೊಂಡು ಬಂದು ಫಿಲ್ಟರಿಗೆ ತುಂಬುತ್ತೆ. ಗಾಳೀಲಿರೋ ನೀರನ್ನೂ ಎಳ್ಕೊಳ್ಳುತ್ತೆ. ಇದನ್ನ ತಡೆಯೋ ಪೈಪು ಬೇರೆ ಬರುತ್ತೆ, ತರಿಸ್ಬೇಕು. ಅಲ್ಲೀವರೆಗೂ ಮಾಮೂಲಿ ಪೈಪೇ ಹಾಕಿರ್ತೀನಿ, ಹೇಗೋ ಸಂಭಾಳಿಸಿ."

ಕಿತ್ತ ಪೈಪಿನ ಒಂದು ತುಂಡನ್ನು ತಂದು ಊಟದ ಮೇಜಿನ ಮೇಲಿಟ್ಟೆ. ಇವರು ಅದನ್ನು ಚಮಚದಿಂದ ಅತ್ತ ಸರಿಸಿದರು.

"ಇದು ಪೆಟ್ರೋಲಿನ ಸಮಸ್ಯೆ ಅಲ್ಲ ಕಣೇ. ಚಾಲಕರ ಅಭ್ಯಾಸದ ಸಮಸ್ಯೆ. ನಿನ್ನ ಹುಡುಗೀರಿಗೆ ಕ್ಲಚ್ಚು ಸರಿಯಾಗಿ ಕಲಿಸು."

ಗಂಡ ಎಂಬ ಕಾರಣಕ್ಕೆ ಆ ಚಮಚ ಅವರ ಕೈಯಲ್ಲೇ ಉಳಿಯಿತು.

ಆಗ ನನ್ನ ಬಳಿ ಕಲಿಯುತ್ತಿದ್ದವರಲ್ಲಿ ಒಬ್ಬಳು ನರ್ಸು. ಎಲ್ಲರಿಗೂ ಅವಳು ಸಿಸ್ಟರ್. ವಾರ್ಡಿನಲ್ಲಿ ನಿಂತು ನಿಂತು ಅವಳ ಕಾಲು ಊದಿಕೊಂಡಿದ್ದವು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಹೊಸ ಕೆಲಸವೊಂದು ಆಸ್ಪತ್ರೆಯಲ್ಲಿ ಹುಟ್ಟಿತ್ತು. ಗಾಡಿ ಅವರೇ ಕೊಡುತ್ತಾರೆ, ಲೈಸೆನ್ಸ್ ಮಾತ್ರ ಇರಬೇಕು, ಅದೂ ಈ ವಾರದೊಳಗೆ. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಸಿಸ್ಟರ್ ಚೆನ್ನಾಗಿ ಓಡಿಸುತ್ತಿದ್ದಳು. ಅವಳು ಗೇರು ಬದಲಿಸಿದ್ದು ಪಕ್ಕದಲ್ಲಿದ್ದ ನನಗೇ ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ಎಲ್ಲ ಸುಸೂತ್ರವಾಗಿ ನಡೆದಿತ್ತು. ಕೊನೆಯದು ದಿಬ್ಬ. ಅರ್ಧ ಏರಿ, ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡಬೇಕು. ಸೋದರತ್ತೆ ಅರ್ಧ ಏರಿದಳು, ನಿಂತಳು, ನಡುಗಿದಳು, ಆಫ್ ಆದಳು. ನಾನು ಬೇಲಿಯ ಆಚೆಯಿಂದ ನೋಡುತ್ತಿದ್ದೆ. ಸಿಸ್ಟರ್ ಕಾಲು ಕ್ಲಚ್ಚಿನ ಮೇಲೆ ಇರಬೇಕಾದಲ್ಲೇ ಇತ್ತಂತೆ, ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದ ಆರ್‌ಟಿಒ ಇನ್ಸ್‌ಪೆಕ್ಟರೂ ಅದನ್ನು ಕಂಡಿದ್ದರಂತೆ. ಗಾಡೀದೇ ಏನೋ ತೊಂದರೆ ಇರಬೇಕು ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಇವಳು ಬೆನ್ನು ನೆಟ್ಟಗೆ ಮಾಡಿಕೊಂಡು ಗಟ್ಟಿಯಾಗಿ ಹೇಳಿದ್ದಾಳೆ: "ತಪ್ಪು ನಂದು."

ಒಪ್ಪಿಕೊಂಡವಳನ್ನು ಪಾಸು ಮಾಡುವುದು ಹೇಗೆ? ಅವರು ನಪಾಸು ಎಂದು ಬರೆದರು.

ಸಿಸ್ಟರ್ ಇಳಿದು ಬಂದು ನನ್ನೆದುರು ನಿಂತಳು. "ಬಾಯಿ ತಪ್ಪಿ ಬಂದ್ಬಿಡ್ತು ಮೇಡಂ" ಎಂದಳಷ್ಟೆ. ನಾನು ಇನ್ಸ್‌ಪೆಕ್ಟರ ಹಿಂದೆ ಓಡಿದೆ. ಅವರು ಕೆಟ್ಟವರಲ್ಲ.

"ನೋಡೀಮ್ಮ, ತಪ್ಪು ಗಾಡೀದು ಅಂತ ಗೊತ್ತಿರೋರು ಯಾರಾದ್ರೂ ಬಂದು ಹೇಳ್ಲಿ. ಬರೆದಿದ್ದನ್ನ ಹೊಡೆದುಹಾಕಿ ಬೇರೆ ಗಾಡೀಲಿ ಇವತ್ತೇ ನೋಡ್ತೀನಿ. ಸುಮ್‌ಸುಮ್ನೆ ಆಗಲ್ಲ. ಮುಂದಿನ ಸರದಿ ಅಂದ್ರೆ ತಿಂಗಳುಗಟ್ಲೆ ಕಾಯ್ಬೇಕು."

ಪೆಟ್ರೋಲಿನ ವಿಷಯದಲ್ಲಿ ನಮ್ಮ ಮನೆಯವರಿಗಿಂತ ಗೊತ್ತಿರುವವರು ಇನ್ನಾರು? ಅವರ ಕಚೇರಿ ಈ ಪರೀಕ್ಷೆಯ ಮೈದಾನದ ಪಕ್ಕದ ಬೀದಿಯಲ್ಲೇ. ಫೋನು ಮಾಡಿ, ಒಂದು ಮಾತು ಹೇಳಿದರೆ ಸಾಕು ರೀ, ಒಂದು ಹುಡುಗಿಯ ಬದುಕು ಎಂದು ಗೋಗರೆದೆ. ಗೋಗರೆಯುವುದು ನನ್ನ ಜಾಯಮಾನವಲ್ಲ, ಅದು ಇವರಿಗೂ ಗೊತ್ತು. ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಇಲಾಖೆಯ ಗುರುತುಚೀಟಿ, ಬಂದೇ ಬಂದರು.

ಇನ್ಸ್‌ಪೆಕ್ಟರು ಕೇಳಿದರು: "ಈ ಹಳೇ ಗಾಡಿ ಹೀಗೆ ನಿಲ್ಲೋಕೆ ಹೊಸ ಪೆಟ್ರೋಲು ಕಾರಣ ಇರ್ಬಹುದಾ ಸಾರ್?"

ಇವರು ಗಂಟಲು ಸರಿಮಾಡಿಕೊಂಡರು. ಸಿಸ್ಟರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಗ್ಗಿ ಗುರುತುಚೀಟಿಯನ್ನು ನೋಡಿಕೊಂಡರು. ಅದರಲ್ಲಿ ಉತ್ತರ ಅಚ್ಚಾಗಿದೆಯೇನೋ ಎಂಬಂತೆ.

"ಪೆಟ್ರೋಲಿಂದ ಏನೂ ಆಗಲ್ಲ. ಈ ಹುಡುಗೀದೂ ತಪ್ಪಿಲ್ಲ ಬಿಡಿ." ಅಷ್ಟು ಹೇಳಿ ನನ್ನ ಕಡೆ ಕೈ ಮಾಡಿದರು. "ಮಾಲೀಕರು ಗಾಡೀನ ಸರಿಯಾಗಿ ನೋಡ್ಕೊಂಡಿಲ್ಲ."

ಎಂಥ ಜಾಣತನ ನೋಡಿ. ಇಲಾಖೆಯೂ ಉಳಿಯಿತು, ಹುಡುಗಿಯೂ ಉಳಿದಳು, ಹೋಗುವವಳು ಹೆಂಡತಿ ಒಬ್ಬಳೇ. ಇಷ್ಟು ವರ್ಷ ಸಂಸಾರ ಮಾಡಿ ನಾನು ಈ ಮನುಷ್ಯನನ್ನು ಬರೀ ಅಂಜುಬುರುಕ ಅಂದುಕೊಂಡಿದ್ದೆ. ಲೆಕ್ಕಾಚಾರದವರು ಕೂಡ ಎಂದು ಅವತ್ತು ತಿಳಿಯಿತು.

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಿರುಗಿದರು. "ನೀವು ಒಪ್ಕೊಂಡ್ರೆ ಈಕೆಗೆ ಇವತ್ತೇ ಮತ್ತೆ ಪರೀಕ್ಷೆ. ಆದ್ರೆ ನೋಡ್ಕೊಳ್ದೇ ಇರೋ ಗಾಡೀಲಿ ಪಾಠ ಹೇಳೋ ಹಾಗಿಲ್ಲ. ನಿಮ್ಮ ಪರವಾನಗಿ ರದ್ದಾಗುತ್ತೆ. ಯೋಚ್ನೆ ಮಾಡಿ ಹೇಳೀಮ್ಮ."

ಸೋದರತ್ತೆಗೆ ನಾನು ಹಾಕಿಸಿದಷ್ಟು ಎಣ್ಣೆಯನ್ನು ನನ್ನ ತಲೆಗೂ ಹಾಕಿಕೊಂಡವಳಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಗಂಡ ಹೆಂಡಿರ ಜಗಳವಾಗುತ್ತಿತ್ತು, ನೋಡುವವರಿಗೆ ಮನರಂಜನೆಯಾಗುತ್ತಿತ್ತು, ಸಿಸ್ಟರ್ ವಾರ್ಡಿಗೆ ವಾಪಸು ಹೋಗುತ್ತಿದ್ದಳು. ಅವಳು ಬೇಡ ಮೇಡಂ, ಬೇಡ ಎಂದು ನನ್ನ ಸೆರಗು ಜಗ್ಗುತ್ತಿದ್ದಳು.

"ಹೌದು ಸಾರ್" ಎಂದೆ. "ನಾನು ನೋಡ್ಕೊಂಡಿಲ್ಲ."

ಸಿಸ್ಟರ್ ಇನ್ನೊಂದು ಶಾಲೆಯ ಕಾರಿನಲ್ಲಿ ಕೂತು ದಿಬ್ಬ ಹತ್ತಿದಳು. ಅರ್ಧದಲ್ಲಿ ನಿಲ್ಲಿಸಿದಳು, ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ, ಹತ್ತಿ ಆಚೆ ಇಳಿದಳು. ನನಗೆ ಸಂತೋಷವಾಯಿತು. ಅಷ್ಟೇ ಅಳುವೂ ಬಂತು, ಎರಡನ್ನೂ ಒಟ್ಟಿಗೆ ನುಂಗಿಕೊಂಡೆ.

"ನೋಡಿದ್ಯಾ, ಎಲ್ಲಾ ಸರಿಹೋಯ್ತು" ಎಂದರು ಇವರು, ತಾವೇ ದಿಬ್ಬ ಹತ್ತಿ ಇಳಿದವರ ಹಾಗೆ. "ಹೇಗೂ ಈ ಡಬ್ಬ ನಿನಗೆ ಭಾರವಾಗಿತ್ತು."

ರಿಪೇರಿಯಾಗುವವರೆಗೆ ಸೋದರತ್ತೆಯನ್ನು ರಸ್ತೆಯಲ್ಲಿ ಓಡಿಸಕೂಡದು ಎಂದು ಇನ್ಸ್‌ಪೆಕ್ಟರು ಬರೆದುಕೊಟ್ಟಿದ್ದರು. ಗ್ಯಾರೇಜಿನವರೆಗೆ ತಳ್ಳಿಕೊಂಡೇ ಹೋಗಬೇಕು.

"ನಮ್ಮಿಬ್ಬರಲ್ಲಿ ಸ್ಟಿಯರಿಂಗ್ ಹಿಡಿಯೋಕೆ ಬರೋದು ನನಗೊಬ್ಬಳಿಗೇ" ಎಂದೆ. "ನೀವು ತಳ್ಳಿ."

ಇವರು ಅಂಗಿಯ ತೋಳು ಮಡಚಿ, ಗುರುತುಚೀಟಿಯನ್ನು ಬೆನ್ನ ಹಿಂದಕ್ಕೆ ಹಾಕಿಕೊಂಡು ತಳ್ಳತೊಡಗಿದರು. ದಾರಿಹೋಕರು ನಿಂತು ನೋಡುತ್ತಿದ್ದರು. ಒಬ್ಬಿಬ್ಬರು ಕೈ ಕೊಡಲು ಬಂದರು, ಬೇಡ, ಇವರಿಗೆ ಅಭ್ಯಾಸ ಇದೆ ಎಂದು ನಾನು ಕಿಟಕಿಯಿಂದಲೇ ಕಳಿಸಿಕೊಟ್ಟೆ. ಬೆಲ್ಲು ಹೊಡೆದ ಹೊತ್ತಿನ ಶಾಲೆ, ಬ್ಯಾಂಕು, ಇಂಧನ ಇಲಾಖೆಯ ಗೇಟು, ಎಲ್ಲ ದಾಟಿದೆವು. ಅಲ್ಲಿಂದ ಮುಂದೆ ಗ್ಯಾರೇಜಿನವರೆಗೂ ಇಳಿಜಾರು. ಬಿಟ್ಟರೆ ಗಾಡಿ ತಾನಾಗಿಯೇ ಉರುಳಿಹೋಗುತ್ತಿತ್ತು.

"ಇನ್ನೂ ಜೋರಾಗಿ ತಳ್ಬೇಕೇನೇ?" ಹಿಂದಿನಿಂದ ಏದುಸಿರಿನಲ್ಲಿ ಕೇಳಿದರು.

"ಹೂಂ ರೀ, ಜೋರಾಗಿ" ಎಂದು ಬ್ರೇಕಿನ ಮೇಲೆ ಕಾಲಿಟ್ಟೆ.