ಶಿವದಾರದ ಗಂಟು

ಆಪರೇಷನ್ ಆದ ಮೇಲೆ ಶಿವಲೀಲಾ ಮೊದಲ ಸಲ ಕೊರಳಿಗೆ ಲಿಂಗ ಕಟ್ಟಿಕೊಂಡ ದಿನವೇ ಅದು ಕಾಣೆಯಾಯಿತು.

ಬೆಳಿಗ್ಗೆ ಸ್ನಾನ ಮುಗಿದೊಡನೆ ಅತ್ತೆ ಶಾಂತಾದೇವಿ ಅವಳನ್ನು ದೇವರ ಜಗಲಿಯ ಮುಂದೆ ಮಣೆ ಹಾಕಿ ಕೂರಿಸಿದ್ದರು. ಆಸ್ಪತ್ರೆಗೆ ಹೋಗುವಾಗ ಸೊಸೆ ಬಿಚ್ಚಿಕೊಟ್ಟ ಲಿಂಗವನ್ನು ಅವರು ತಮ್ಮ ಲಿಂಗದ ಜೊತೆಗೇ ದಿನವೂ ಪೂಜೆ ಮಾಡಿ ಇಟ್ಟಿದ್ದರು. ಎದೆಗೆ ಗಟ್ಟಿ ವಸ್ತು ಒತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಪಕ್ಕಕ್ಕಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಸುಲಿದ ಅಡಿಕೆಯಷ್ಟು ಪುಟ್ಟ ಗಂಟು ಮಾಡಿ, ಪೇಟೆಯಿಂದ ತರಿಸಿದ ಹೊಸ ರೇಷ್ಮೆ ಶಿವದಾರಕ್ಕೆ ಕಟ್ಟಿದರು. ಶಿವಲೀಲಾಳಿಗೆ ಬಲಗೈ ಎತ್ತಿ ಕತ್ತಿನ ಹಿಂದಕ್ಕೆ ಒಯ್ಯಲು ಇನ್ನೂ ಬರುತ್ತಿರಲಿಲ್ಲ. ಅತ್ತೆಯೇ ನಡುಗುವ ಬೆರಳಲ್ಲಿ ಗಂಟು ಹಾಕಿದರು.

"ಎದೆ ಮ್ಯಾಲೆ ಸರಿಯಾಗಿ ಕುಂತೈತಾ ನೋಡ್ಕ್ಯ."

ಶಿವಲೀಲಾ ತಲೆ ಬಗ್ಗಿಸಿ ನೋಡಿದಳು. "ಕುಂತೈತೆ ಅತ್ತೆ."

ನೋಡದಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗಡ್ಡೆಯೆಂದು ಬಲ ಎದೆಯನ್ನು ತೆಗೆದದ್ದು ಹಿಂದಿನ ವರ್ಷ. ಕೂದಲು ಉದುರಿ ಮತ್ತೆ ಬಂದು, ನ್ಯಾಮತಿಯ ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಪಾಠ ಮಾಡುವುದನ್ನು ಶುರುಮಾಡಿದ ಮೇಲೆ, ಹೊಸ ಎದೆ ಕಟ್ಟಿಸಿಕೊಳ್ಳುವ ಮಾತೆತ್ತಿದವಳು ಅವಳೇ. ಹೊಟ್ಟೆಯ ಕೆಳಗಿನ ಚರ್ಮ ಮತ್ತು ಕೊಬ್ಬು ತೆಗೆದು ಎದೆಗೆ ಕೂರಿಸುತ್ತಾರೆಂದು ಕೇಳಿ ಶಾಂತಾದೇವಿ ಹೌಹಾರಿದ್ದರು. "ಜೀವ ಉಳೀತಲ್ಲವ್ವ. ಸೆರಗು ಹೊದ್ರೆ ಯಾರಿಗೆ ಕಾಣ್ತೈತೆ? ಆರೋಗ್ಯವಾಗಿರೋ ಹೊಟ್ಟೇನ ಕೊಯ್ಸಿಕೊಳ್ಳಾಕೆ ಯಾಕೆ ಹೋಗ್ತಿ?" ಈ ಮನೆಗೆ ಬಂದಾಗಿನಿಂದ ಎದುರು ಮಾತಾಡದ ಶಿವಲೀಲಾ ಅಂದು "ನನಗೆ ಬೇಕು ಅತ್ತೆ" ಎಂದಿದ್ದಳು. ಅಡಿಕೆ ಮಂಡಿಯ ಲೆಕ್ಕ ಬಿಟ್ಟು ಬೇರೆ ಯಾವುದರಲ್ಲೂ ತಾಯಿಯ ಮಾತು ಮೀರದ ಗಂಡ ಕಲ್ಲೇಶ್ ಕೂಡ ಆ ದಿನ ಹೆಂಡತಿಯ ಪರ ನಿಂತಿದ್ದ.

ಹೊಸ ಎದೆ ಚೆನ್ನಾಗಿಯೇ ಬಂದಿತ್ತು. ರವಿಕೆ ಎರಡೂ ಕಡೆ ಸಮವಾಗಿ ಕೂರುತ್ತಿತ್ತು. ಆದರೆ ಅದು ಅವಳದೆಂದು ಅವಳಿಗೆ ಕಣ್ಣು ಹೇಳಬೇಕಿತ್ತು. ಆಸ್ಪತ್ರೆಯಿಂದ ಬಂದ ವಾರದಲ್ಲೇ ಬಿಸಿ ಟೀ ಎದೆಯ ಮೇಲೆ ಚೆಲ್ಲಿ, ನೈಟಿಯ ಮೇಲಿನ ಕಲೆ ನೋಡಿದ ಮೇಲೆ ಗೊತ್ತಾಗಿತ್ತು. ಸ್ಪರ್ಶ ಸ್ವಲ್ಪ ಮರಳಬಹುದು, ಮರಳದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಗಂಡನಿಗೆ ಮೊದಲರ್ಧವನ್ನಷ್ಟೇ ಹೇಳಿದ್ದಳು. "ಎಲ್ಲಾ ಸರಿ ಐತಲ್ಲ?" ಎಂದು ಅವನು ಕೇಳಿದಾಗಲೆಲ್ಲ "ಹ್ಞೂಂ" ಎನ್ನುತ್ತಿದ್ದಳು. ಇಲ್ಲವೆಂದರೆ ಅತ್ತೆಯ ಮಾತು ನಿಜವಾಗುತ್ತಿತ್ತು.

ಲಿಂಗ ಕಟ್ಟಿಕೊಂಡ ಆ ದಿನವೇ ಹೊನ್ನಾಳಿಯಿಂದ ಕಲ್ಲೇಶನ ಸೋದರತ್ತೆ ಸಾವಂತ್ರಮ್ಮ ಅವಳನ್ನು ನೋಡಲು ಬಂದರು. ಬಸ್ಸಿನಿಂದ ಇಳಿದವರು ಬಾಗಿಲಲ್ಲೇ ಶುರುಮಾಡಿದರು. "ಅಲ್ಲವ್ವ ಲೀಲಾ, ಹೊಟ್ಟೆ ಬೊಜ್ಜು ತೆಗ್ದು ಎದೀಗೆ ಇಟ್ಟಾರಂತೆ? ಒಂದು ಮಾತು ಫೋನ್ ಮಾಡಿದ್ರೆ ನಂದೇ ಕೊಡ್ತಿದ್ನಲ್ಲೇ. ಊರಿಗೆಲ್ಲ ಆಗೋವಷ್ಟು ಐತೆ."

"ಬೇರೆಯವರದ್ದು ಆಗಲ್ವಂತೆ ಅತ್ತೆಮ್ಮ," ಎಂದು ಕಲ್ಲೇಶ್ ನಕ್ಕ.

"ಹೂಂ ಬಿಡಪ್ಪ, ಇದ್ದವರು ಕೊಡಾಕೆ ಬಂದ್ರೂ ತಗಳ್ಳಾರಿಲ್ಲ." ಅವರು ಶಿವಲೀಲಾಳ ಎದೆಯತ್ತ ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಎಲ್ಲರೂ ಹೀಗೇ ನೋಡುತ್ತಿದ್ದರು. ಯಾರ ಕಣ್ಣು ಎಷ್ಟು ಹೊತ್ತು ನಿಂತಿತು, ಎಲ್ಲಿಂದ ಜಾರಿತು ಎಂಬುದನ್ನು ಶಿವಲೀಲಾ ತಪ್ಪದೆ ಗಮನಿಸುತ್ತಿದ್ದಳು. ಗಮನಿಸಿದ್ದಕ್ಕೆ ಮನಸ್ಸಿನಲ್ಲಿ ಏನೂ ಆಗುತ್ತಿರಲಿಲ್ಲ. ದೂರದ ಮನೆಯಲ್ಲಿ ಯಾರೋ ಟೀವಿ ಹಾಕಿದಂತೆ ಎಲ್ಲವೂ ಕೇಳಿಸುತ್ತಿತ್ತು, ಅಷ್ಟೆ.

ಅವಳು ಸೊಪ್ಪು ಸೋಸಿದಳು. ಒಣಗಿದ ಬಟ್ಟೆ ಮಡಚಿದಳು. ಕಸದ ಗಾಡಿ ಹಾಡುತ್ತ ಬಂದಾಗ ಎಡಗೈಯಲ್ಲಿ ಬುಟ್ಟಿ ಹಿಡಿದು ಹೋಗಿ ಸುರಿದು ಬಂದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಎಲ್ಲರೂ ಕೂತಾಗ, ಮೊಸರಿನ ಬೋಗುಣಿ ಇಡಲು ಬಗ್ಗಿದ ಸೊಸೆಯ ಕೊರಳನ್ನು ಶಾಂತಾದೇವಿ ನೋಡಿದರು.

"ಲೀಲಾ, ಶಿವದಾರ ಎಲ್ಲೈತೆ?"

ಅವಳ ಕೈ ಕತ್ತಿಗೆ ಹೋಯಿತು. ಕತ್ತಿನಲ್ಲಿ ತಾಳಿ ಇತ್ತು. ದಾರವಿರಲಿಲ್ಲ.

ತಟ್ಟೆಗಳು ಹಾಗೇ ಉಳಿದವು. ಕಾಯಿಲೆಗೆಂದು ಬಿಚ್ಚಿ ಪೂಜೆಯಲ್ಲಿಟ್ಟದ್ದು ಬೇರೆ ಮಾತು; ಹಾಗಲ್ಲದೆ ಲಿಂಗ ಮೈಬಿಟ್ಟರೆ ಆ ಮನೆಯಲ್ಲಿ ನೀರೂ ಕುಡಿಯುವಂತಿಲ್ಲ. ಒಬ್ಬರ ಲಿಂಗ ಕಳೆದರೂ ಸಿಗುವವರೆಗೆ ಯಾರೂ ಉಣ್ಣುವುದಿಲ್ಲ. ಶಾಂತಾದೇವಿಯ ಅತ್ತೆಯ ಕಾಲದಿಂದ ಬಂದದ್ದು ಅದು.

"ಯಾವಾಗ ಬಿತ್ತು?" ಎಂದು ಕಲ್ಲೇಶ್ ಕೇಳಿದ.

"ಗೊತ್ತಾಗಲಿಲ್ಲ."

"ಎದೀ ಮ್ಯಾಲಿಂದ ಜಾರಿದ್ದು ಹೆಂಗೆ ಗೊತ್ತಾಗಲ್ಲೇ?" ಸಾವಂತ್ರಮ್ಮನ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಆಶ್ಚರ್ಯವಿತ್ತು. "ನಂದು ಒಂಚೂರು ಆಕಡೆ ಸರಿದ್ರೆ ನಿದ್ದಿಗಣ್ಣಾಗೂ ಎಚ್ಚರ ಆಗ್ತೈತೆ."

ಶಿವಲೀಲಾ ಎದ್ದು ಹುಡುಕತೊಡಗಿದಳು. ಸೊಪ್ಪಿನ ಬೇರು, ಮಡಚಿದ ಬಟ್ಟೆಯ ಪದರ, ಬಚ್ಚಲಿನ ಜಾಲರಿ, ಹಿಟ್ಟಿನ ಪರಾತ. ಸಾವಂತ್ರಮ್ಮ ಮಂಚದ ಕೆಳಗೆ ಅರ್ಧ ತೂರಿ, ಹೊರಬರಲು ಆಗದೆ "ಏ ಯಾರಾದ್ರೂ ಎಳೀರೇ" ಎಂದು ಕೂಗಿದರು. ಕಲ್ಲೇಶ್ ಅವರನ್ನು ಎಳೆದು ಕೂರಿಸಿ, ಬೈಕ್ ಹತ್ತಿ ಕಸದ ಗಾಡಿಯ ಬೆನ್ನು ಹತ್ತಿ ಹೋದ. ಅವನು ಊಟ ಬಿಟ್ಟು ಕಸ ಕೆದಕಲು ಹೋಗುವುದನ್ನು ಶಿವಲೀಲಾ ಕಿಟಕಿಯಿಂದ ನೋಡಿದಳು. ಅಳು ಬರಬೇಕಿತ್ತು. ಬರಲಿಲ್ಲ.

"ಮೈಮ್ಯಾಲೆ ನೋಡ್ಕ್ಯಂಡೆಯಾ?" ಶಾಂತಾದೇವಿ ಹಿಂದೆ ನಿಂತಿದ್ದರು.

"ನೋಡ್ಕೊಂಡೆ ಅತ್ತೆ. ಇಲ್ಲ."

ನೋಡಿಕೊಂಡದ್ದೆಂದರೆ ಕೊರಳು, ಭುಜ, ಸೆರಗು. ಆಸ್ಪತ್ರೆಯಲ್ಲಿ ಕೊಟ್ಟ ಬಿಗಿ ಒಳ ಅಂಗಿಯೊಳಗೆ ಕೈ ಹಾಕಿರಲಿಲ್ಲ. ಅಲ್ಲಿದ್ದರೆ ಒತ್ತುತ್ತಿತ್ತು, ಒತ್ತಿದರೆ ಗೊತ್ತಾಗುತ್ತಿತ್ತು ಎಂದು ಮೈಯ ಹಳೆಯ ರೂಢಿ ಅವಳ ಪರವಾಗಿ ತೀರ್ಮಾನ ಮಾಡಿತ್ತು.

ಅತ್ತೆ ಅವಳ ಮೊಣಕೈ ಹಿಡಿದು ಕೋಣೆಗೆ ಕರೆದೊಯ್ದು ಚಿಲಕ ಹಾಕಿದರು. "ಬಿಚ್ಚು."

"ಬ್ಯಾಡ ಅತ್ತೆ."

"ನನ್ನ ಮಗಳಾಗಿದ್ರೆ ನೋಡ್ತಿರಲಿಲ್ವಾ? ಬಿಚ್ಚು."

ಅವಳು ಮುಂದಿನ ಕೊಂಡಿಗಳನ್ನು ಒಂದೊಂದೇ ಬಿಡಿಸಿದಳು. ಈ ಎದೆಯನ್ನು ಡಾಕ್ಟರು, ನರ್ಸು ಬಿಟ್ಟರೆ ಯಾರೂ ನೋಡಿರಲಿಲ್ಲ. ಕಲ್ಲೇಶನೂ ನೋಡಿರಲಿಲ್ಲ. ಕೊನೆಯ ಕೊಂಡಿ ಬಿಟ್ಟಾಗ ರೇಷ್ಮೆ ದಾರದ ತುದಿ ಇಳಿಬಿತ್ತು. ಬಿಳಿ ವಸ್ತ್ರದ ಗಂಟು ಎದೆಯ ಕೆಳಗಿನ ಮಡಿಕೆಯಲ್ಲಿ ಹೂತು ಕೂತಿತ್ತು.

ಶಾಂತಾದೇವಿ ಅದನ್ನು ಎರಡು ಬೆರಳಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅದು ಇದ್ದ ಜಾಗದಲ್ಲಿ ಚರ್ಮ ತಗ್ಗಾಗಿ, ಕೆಂಪೇರಿ, ಸಣ್ಣದೊಂದು ಗುಳ್ಳೆ ಎದ್ದಿತ್ತು.

"ಇಷ್ಟೊತ್ತು ಒತ್ತೈತೆ," ಅವರು ಮೆಲ್ಲಗೆ ಅಂದರು. ಬೆರಳ ತುದಿಯಿಂದ ಕೆಂಪಿನ ಪಕ್ಕದಲ್ಲಿ ಮುಟ್ಟಿದರು. "ಇಲ್ಲಿ?"

ಶಿವಲೀಲಾ ಗೋಡೆ ನೋಡುತ್ತಿದ್ದಳು. "ಮುಟ್ಟಿದಿರಾ?"

ಬೆರಳು ಮೇಲಕ್ಕೆ ಸರಿಯಿತು. "ಇಲ್ಲಿ?"

"ಗೊತ್ತಾಗಲ್ಲ ಅತ್ತೆ."

ಶಾಂತಾದೇವಿ ಕೈ ತೆಗೆದರು. ಈಗ ಹೇಳುತ್ತಾರೆ ಎಂದು ಅವಳು ಕಾದಳು. ನಾ ಬಡ್ಕಂಡೆ, ಬ್ಯಾಡ ಅಂದೆ, ಕೇಳ್ದ್ಯಾ ಎನ್ನುತ್ತಾರೆ. ಅವರು ಹೇಳಿದ್ದು ಬೇರೆ. "ರೇಷ್ಮೆ ದಾರ ತರಿಸಬಾರದಿತ್ತು ನಾನು. ಗಂಟು ನಿಲ್ಲಾದಿಲ್ಲ ಅದರಾಗೆ. ಬೆರಳೂ ಸ್ವಾಧೀನ ಇಲ್ಲ." ಅಷ್ಟು ಹೇಳಿ ಗುಳ್ಳೆಯನ್ನು ಮತ್ತೆ ನೋಡಿದರು. "ಸಂಜೆ ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರ್ಸಾನ. ನಾನೂ ಬರ್ತೀನಿ."

ಲಿಂಗಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಪೆಟ್ಟಿಗೆಯಿಂದ ತಮ್ಮ ಕೈಯಲ್ಲೇ ಹೊಸೆದ ಹಳೆಯ ನೂಲಿನ ದಾರ ತೆಗೆದರು. ದಾರವನ್ನು ಸೊಸೆಯ ಕತ್ತಿಗೆ ಹಿಡಿದು ಅಳೆದು, ಗಿಡ್ಡ ಮಾಡಿದರು. ಮತ್ತೂ ಗಿಡ್ಡ ಮಾಡಿದರು.

"ಎದೆ ಮೇಲೆ ಇರಬೇಕು ಅಂತಿದ್ರಿ."

"ಕೊರಳಾಗೂ ಕಟ್ತಾರೆ, ರಟ್ಟೀಗೂ ಕಟ್ತಾರೆ. ಇದ್ದದ್ದು ಗೊತ್ತಾಗೋ ಕಡೆ ಇರಲಿ."

ಗಂಟಲ ಕೆಳಗಿನ ಕುಳಿಯಲ್ಲಿ ಗಂಟು ಕೂತಿತು. ಒದ್ದೆ ವಸ್ತ್ರ ತಣ್ಣಗಿತ್ತು. ದಾರ ಕತ್ತಿಗೆ ಒರಟಾಗಿ ತಗುಲಿ ತುರಿಸಿತು.

ಹೊರಗೆ ಬಂದಾಗ ಕಲ್ಲೇಶ್ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ಸಿಕ್ಕಿತೆಂದು ಕೋಣೆಯೊಳಗಿಂದ ಕೇಳಿಸಿದೊಡನೆ ಸಾವಂತ್ರಮ್ಮ ಫೋನಿನಲ್ಲಿ ಕೂಗಿ ಅವನನ್ನು ಕರೆಸಿದ್ದರು. "ಎಲ್ಲಿತ್ತಂತೆ?" ಎಂದು ಅವನು ಕೇಳಿದ.

"ಜಗಲಿ ಹಿಂದೆ ಬಿದ್ದಿತ್ತು," ಎಂದರು ಶಾಂತಾದೇವಿ.

ಕೊರಳಲ್ಲಿ ಲಿಂಗವಿಟ್ಟುಕೊಂಡು ಅತ್ತೆ ಸುಳ್ಳಾಡಿದ್ದನ್ನು ಶಿವಲೀಲಾ ಕಂಡಿರಲಿಲ್ಲ. ಅವರ ಮುಖ ನೋಡಿದಳು. ಅದು ಒಲೆಯ ಕಡೆ ತಿರುಗಿತ್ತು.

"ಇಲ್ಲ ರೀ," ಎಂದಳು. ತರಗತಿಯಲ್ಲಿ ಸಮೀಕರಣ ಬಿಡಿಸುವಾಗಿನ ದನಿ ಅದು. "ನನ್ನ ಮೈಮೇಲೇ ಇತ್ತು. ಎದೆಯ ಕೆಳಗೆ ಸಿಕ್ಕೊಂಡು ಗುಳ್ಳೆ ಎದ್ದಿದೆ. ನನಗೆ ಗೊತ್ತಾಗಲಿಲ್ಲ. ಅಲ್ಲಿ ನನಗೆ ಏನೂ ಗೊತ್ತಾಗಲ್ಲ. ಶುರುವಿನಿಂದಲೂ."

ಕಲ್ಲೇಶ್ ನಲ್ಲಿ ನಿಲ್ಲಿಸಲಿಲ್ಲ. ನೀರು ಸುರಿಯುತ್ತಲೇ ಇತ್ತು. "ಸರಿ ಐತೆ ಅಂತಿದ್ಯಲ್ಲ," ಎಂದ.

"ಅಂತಿದ್ದೆ."

ಸಾವಂತ್ರಮ್ಮ ಬಾಯಿ ತೆರೆದರು. ಶಾಂತಾದೇವಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನೀನು ಉಣ್ಣು, ಹೊತ್ತಾತು," ಎಂದರು. ಕಲ್ಲೇಶ್ ನಲ್ಲಿ ನಿಲ್ಲಿಸಿ ಬಂದು, ಹೆಂಡತಿಯ ಪಕ್ಕದ ತಟ್ಟೆಗೆ ಕೂತ. ಅವನ ಕೈಯಿಂದ ಸೋಪಿನ ವಾಸನೆಯೂ, ಅದರಡಿಯಲ್ಲಿ ಕಸದ ವಾಸನೆಯೂ ಬರುತ್ತಿದ್ದವು.

ರೊಟ್ಟಿ ಆರಿ ಗಟ್ಟಿಯಾಗಿತ್ತು. ಶಿವಲೀಲಾ ಒಂದು ತುತ್ತು ಮುರಿದು ಎಣ್ಣೆಗಾಯಿಗೆ ಅದ್ದಿ, ಅಗಿದು ನುಂಗಿದಳು. ಗಂಟಲು ಮೇಲೇರಿ ಇಳಿಯುವಾಗ ಗಂಟು ಚರ್ಮಕ್ಕೆ ತಾಗಿತು. ಅವಳು ತಲೆ ಬಗ್ಗಿಸಿ ನೋಡಲಿಲ್ಲ. ಇನ್ನೊಂದು ತುತ್ತು ನುಂಗಿದಳು. ಮತ್ತೆ ತಾಗಿತು.