ಬಾಣಲೆಯಿಲ್ಲದ ಅಡುಗೆಮನೆಯ ಮೇಷ್ಟ್ರು

ಮೇಷ್ಟ್ರು ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ, ಗದ್ದ ಒಂದಂಗುಲ ಮುಂದೆ. ತಮ್ಮ ಹೋಟೆಲಿನ ಎಂಟು ಮೇಜುಗಳ ನಡುವೆ ಅವರು ಹಾಗೆ ಸುತ್ತತೊಡಗಿದರೆ, ಊಟಕ್ಕೆ ಕೂತವರು ತಮಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಫೋರ್ಕನ್ನು ಸರಿಯಾಗಿ ಹಿಡಿದು, ಪರೀಕ್ಷೆಗೆ ಕೂತವರಂತೆ ತಂತಮ್ಮ ತಟ್ಟೆಯನ್ನೇ ನೋಡತೊಡಗುತ್ತಿದ್ದರು. ಹಾಗೆಂದು ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಹರೆಯದಲ್ಲಿ ಹಡಗೊಂದರ ಅಡುಗೆಮನೆಯಲ್ಲಿ ಇಟಲಿಯ ಮುದುಕನೊಬ್ಬನ ಕೈಕೆಳಗೆ ಒಂಬತ್ತು ವರ್ಷ ದುಡಿದು, ಪಾಸ್ತಾ ವಿದ್ಯೆಯನ್ನು ಸಾಂಗವಾಗಿ ಕಲಿತು, ಕಲಿತದ್ದರಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲವೆಂದು ಸಂಕಲ್ಪ ಮಾಡಿಕೊಂಡು ದಡಕ್ಕೆ ಬಂದವರು. ಹೆಸರು ಹೇಗೋ ಅಂಟಿಕೊಂಡಿತು, ಅವರೂ ಬೇಡವೆನ್ನಲಿಲ್ಲ.

ಹೋಟೆಲಿನ ಮೇಲಂತಸ್ತಿನ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಬಾಡಿಗೆಗಿದ್ದೆ. ಅಚ್ಚಿನ ಕರಡು ತಿದ್ದುವುದು ನನ್ನ ಕಸುಬಾದ್ದರಿಂದ ತಪ್ಪು ಹುಡುಕುವವರ ಸಂಕಟ ನನಗೆ ಗೊತ್ತು. ಆದರೂ ಮೇಷ್ಟ್ರ ಮುಂದೆ ನನ್ನದು ಏನೂ ಅಲ್ಲ. ಮೊಣಕೈ ಸವೆದ ಕಂದು ಉಣ್ಣೆಯ ಕೋಟು ತೊಟ್ಟು, ಅದರ ಜೇಬಿನಲ್ಲಿ ಸದಾ ಒಂದು ಮರದ ಚಮಚ ಇಟ್ಟುಕೊಂಡು, ಮೂರು ಮಾತಿಗೊಮ್ಮೆ "ಏನರ್ಥ ಆಯ್ತು?" ಎಂದು ಕೇಳುತ್ತಿದ್ದರು, ಉತ್ತರಕ್ಕೆ ಕಾದದ್ದನ್ನು ನಾನು ಕಂಡಿಲ್ಲ. ಅವರ ಶಾಸ್ತ್ರದಲ್ಲಿ ಎರಡು ಸೂತ್ರಗಳಿದ್ದವು. ಬೆಂದ ಪಾಸ್ತಾದ ಆಯುಸ್ಸು ಹತ್ತು ನಿಮಿಷ, ಆಮೇಲೆ ಉಳಿದದ್ದೆಲ್ಲ ತಿಪ್ಪೆಗೆ. ಇನ್ನೊಂದು, ಪಾಸ್ತಾಕ್ಕೂ ಕುದಿಯುವ ಎಣ್ಣೆಗೂ ಈ ಜನ್ಮದಲ್ಲಿ ಸಂಬಂಧವಿಲ್ಲ. ಹೋಟೆಲಿನಲ್ಲಾಗಲಿ, ಅದರ ಹಿಂಬದಿಯ ಮನೆಯಲ್ಲಾಗಲಿ ಒಂದು ಬಾಣಲೆ ಕೂಡ ಇರಕೂಡದೆಂಬುದು ಅವರ ಕಟ್ಟಾಜ್ಞೆ.

ಒಮ್ಮೆ ಒಬ್ಬ ಲಾರಿ ಚಾಲಕ ಮೆನುವನ್ನು ತಿರುವಿಹಾಕಿ, "ಏನಾದ್ರೂ ಗರಿಗರಿಯಾಗಿರೋದು ಕೊಡಿ ಸ್ವಾಮಿ" ಎಂದ. ಮೇಷ್ಟ್ರು ಒಳಗೆ ಹೋಗಿ, ಬೇಯಿಸದ ಸ್ಪಗೆಟ್ಟಿ ಕಡ್ಡಿಗಳನ್ನು ಬೆಳ್ಳನೆ ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿ ತಂದು, ಪಕ್ಕದಲ್ಲಿ ಕರವಸ್ತ್ರವನ್ನೂ ಮಡಿಸಿಟ್ಟರು. ಆ ಪುಣ್ಯಾತ್ಮ ಎರಡು ಕಡ್ಡಿ ಕಡಿದು ನೋಡಿ, ಉಪ್ಪು ಕೇಳಿದ. ಮೇಷ್ಟ್ರಿಗೆ ಒಂದು ವಾರ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ.

ಎದುರು ಬೀದಿಯಲ್ಲಿ ಕರಿದ ಪಾಸ್ತಾದ ಅಂಗಡಿ ತೆರೆದಾಗ ಅವರಿಗೆ ಹೇಗಾಗಿರಬೇಕೆಂದು ಇದರಿಂದ ಊಹಿಸಬಹುದು. ರವಿಯೋಲಿ ಎಂಬ ಹೂರಣ ತುಂಬಿದ ಪಾಸ್ತಾ ಕಡುಬಿಗೆ ಬ್ರೆಡ್ಡಿನ ಪುಡಿ ಮೆತ್ತಿ ಕರಿಯುವುದು, ಚೀಸು ತುಂಬಿದ ಪಾಸ್ತಾವನ್ನು ಉಂಡೆ ಕಟ್ಟಿ ಎಣ್ಣೆಗೆ ಬಿಡುವುದು, ಕಡ್ಡಿಗೆ ಚುಚ್ಚಿ ಕೈಗೆ ಕೊಡುವುದು. ಜನ ಸಾಲು ನಿಂತರು. ಸುಳ್ಳೇಕೆ, ನಾನೂ ಒಮ್ಮೆ ಕದ್ದು ಹೋಗಿ ತಿಂದೆ: ಮೊದಲ ಕಚ್ಚಿಗೆ ಸ್ವರ್ಗ, ಎರಡನೆಯದಕ್ಕೆ ಉಪ್ಪು, ಮೂರನೆಯದಕ್ಕೆ ಬರೀ ಎಣ್ಣೆ. ಆದರೂ ಮೂರನೆಯ ಕಚ್ಚಿನ ತನಕ ಕೈ ಸುಮ್ಮನಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಆರು ತಿಂಗಳಲ್ಲಿ ಮೇಷ್ಟ್ರ ಎಂಟು ಮೇಜುಗಳಲ್ಲಿ ಐದು ಖಾಲಿ ಹೊಡೆಯತೊಡಗಿದವು. ಅವರ ಜೊತೆ ಒಲೆಯ ಮುಂದೆ ನಿಲ್ಲುತ್ತಿದ್ದವಳು ಒಬ್ಬಳೇ ಮಗಳು, ಕೈಗುಣದಲ್ಲಿ ಅಪ್ಪನನ್ನೂ ಮೀರಿಸಿದವಳು, ಹಠದಲ್ಲಿ ಸರಿಸಮ. ಒಂದು ಮಧ್ಯಾಹ್ನ ನನ್ನೆದುರೇ ಹೇಳಿದಳು:

"ಅಪ್ಪ, ಎದುರುಗಡೆಯವ್ರು ನನ್ನ ಕೆಲಸಕ್ಕೆ ಕರೀತಿದಾರೆ. ನೀವು ಒಂದೇ ಒಂದು ಕರಿದ ಐಟಂ ಇಟ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಒಂದನೇ ತಾರೀಕು ಹೋಗ್ತೀನಿ."

"ಹೋಗು," ಎಂದರು ಮೇಷ್ಟ್ರು. ಅಂದು ಅವರು ಯಾರನ್ನೂ ಅರ್ಥವಾಯಿತೇ ಎಂದು ಕೇಳಲಿಲ್ಲ. ಅವಳು ಹೋದರೆ ಬಾಗಿಲು ಮುಚ್ಚುವುದೇ ಸೈ ಎಂದು ನಮಗೆಲ್ಲ ತಿಳಿದಿತ್ತು, ಅವರಿಗೂ.

ಈಗ ನನ್ನ ಅಪರಾಧವನ್ನು ಹೇಳಬೇಕು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಉಳಿದದ್ದನ್ನು ತಿಪ್ಪೆಗೆ ಹಾಕುವ ಕೆಲಸ ಆಕೆಯದು. ಆಕೆ ಹಾಕುತ್ತಿರಲಿಲ್ಲ. ಉಳಿದ ಲಜಾನ್ಯವನ್ನು, ಅಂದರೆ ಪಾಸ್ತಾದ ಅಗಲ ಹಾಳೆಗಳ ನಡುವೆ ಸಾಸು, ಚೀಸು ಹರಡಿ ಪದರ ಪದರವಾಗಿ ಬೇಯಿಸಿದ ಅವರ ಹೆಮ್ಮೆಯ ಕೃತಿಯನ್ನು, ಬಟ್ಟೆ ಮುಚ್ಚಿ ಮನೆಯಲ್ಲಿ ಅಡಗಿಸಿಟ್ಟು, ಬೆಳಿಗ್ಗೆ ಗಂಡ ಟೊಮೇಟೊ ತರಲು ಮಾರುಕಟ್ಟೆಗೆ ಹೋದೊಡನೆ, ಇಸ್ತ್ರಿ ಬಟ್ಟೆಯ ಬುಟ್ಟಿಯಡಿಯಿಂದ ಬಾಣಲೆ ತೆಗೆದು, ಬೆರಳು ದಪ್ಪದ ಹೋಳು ಮಾಡಿ ಅಂಚು ಕೆಂಪಗಾಗುವ ತನಕ ಬೆಣ್ಣೆಯಲ್ಲಿ ಕರಿಯುತ್ತಿದ್ದಳು. ತಾಯಿ ಮಗಳು ತಿಂದ ಮೇಲೆ ಒಂದು ತಟ್ಟೆ ನನ್ನ ಕೋಣೆಗೂ ಬರುತ್ತಿತ್ತು. ಹನ್ನೊಂದು ವರ್ಷ ನಾನು ಬೆಳಿಗ್ಗೆ ಅದನ್ನು ತಿಂದು, ಮಧ್ಯಾಹ್ನ ಕೆಳಗಿಳಿದು, ಕರಿದ ಪಾಸ್ತಾದ ವಿರುದ್ಧ ಮೇಷ್ಟ್ರು ಕೊಡುತ್ತಿದ್ದ ಉಪನ್ಯಾಸಕ್ಕೆ ತಲೆದೂಗಿದೆ.

ತಿಂಗಳ ಕೊನೆಯ ವಾರ, ಲಾರಿಗಳು ಬಾರದೆ ಮಾರುಕಟ್ಟೆ ಮುಚ್ಚಿತ್ತು. ಖಾಲಿ ಚೀಲ ಹಿಡಿದು ಮೇಷ್ಟ್ರು ಅರ್ಧ ಗಂಟೆ ಮೊದಲೇ ಹಿಂಬಾಗಿಲಲ್ಲಿ ನಿಂತರು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ನಿನ್ನೆಯ ಲಜಾನ್ಯ, ಒಲೆಯ ಸುತ್ತ ಹೆಂಡತಿ, ಮಗಳು, ತಟ್ಟೆ ಹಿಂತಿರುಗಿಸಲು ಬಂದು ಇನ್ನೊಂದು ಹೋಳಿಗಾಗಿ ಕೈಯೊಡ್ಡಿದ್ದ ನಾನು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಎಷ್ಟು ವರ್ಷದಿಂದ?" ಎಂದರು.

"ಇವಳು ಹುಟ್ಟೋಕ್ ಮುಂಚಿಂದ," ಎಂದಳು ಅಕ್ಕ. ಆಮೇಲೆ ಬಾಣಲೆಯ ಮೇಲೇ ಕಣ್ಣಿಟ್ಟುಕೊಂಡು, "ನೀವು ಅಷ್ಟು ಜೀವ ತೇದು ಮಾಡಿದ್ದು. ಬಿಸಾಡೋಕೆ ಕೈ ಬರ್ಲಿಲ್ಲ ಕಣ್ರಿ. ಒಂದು ದಿನಾನೂ ಬರ್ಲಿಲ್ಲ."

ಮೇಷ್ಟ್ರು ಚೀಲ ಕೆಳಗಿಟ್ಟರು. ಜೇಬಿನಿಂದ ಮರದ ಚಮಚ ತೆಗೆದು, ಹೋಳಿನ ಮೂಲೆ ಮುರಿದು, ಬಾಯಿಗಿಟ್ಟು, ಬಹಳ ಹೊತ್ತು ಅಗಿದರು. ಕರುಮ್ಮೆಂಬ ಸದ್ದು ನಮಗೂ ಕೇಳಿಸಿತು. ಅವರ ಗದ್ದ ಅದುರುತ್ತಿತ್ತು. ಕೋಪವೆಂದುಕೊಂಡು ನಾನು ಒಡ್ಡಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಕೊನೆಗೆ ಹೇಳಿದ್ದು ಇಷ್ಟು: "ಮೂಲೆ ಸರಿಯಾಗಿದೆ. ನಡುವೆ ಇನ್ನೂ ತಣ್ಣಗಿದೆ. ಉರಿ ಕಮ್ಮಿ ಮಾಡಿ ಮುಚ್ಚಬೇಕು. ಏನರ್ಥ ಆಯ್ತು?"

ಮಗಳು ಅಳುತ್ತಲೇ ಉರಿ ಕಮ್ಮಿ ಮಾಡಿದಳು. ಹನ್ನೊಂದು ವರ್ಷದ ಭಾರ ನನ್ನ ಎದೆಯಿಂದ ಇಳಿದು, ಆ ಮನೆಯಲ್ಲಿ ಮೊದಲ ಸಲ ನಾಚಿಕೆಯಿಲ್ಲದೆ ಎರಡು ಹೋಳು ತಿಂದೆ.

ಒಂದನೇ ತಾರೀಕು ಅವಳು ಎಲ್ಲಿಗೂ ಹೋಗಲಿಲ್ಲ. ಮೆನುವಿನಲ್ಲಿ 'ನಿನ್ನೆಯದು' ಎಂಬ ಒಂದು ಸಾಲು ಸೇರಿತು. ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಉಳಿಯುವುದೇ ಸಾಲದಾಗಿ, ಹತ್ತು ನಿಮಿಷ ದಾಟಿದ ಪಾಸ್ತಾವನ್ನು ಮುಟ್ಟದಿದ್ದ ಮನುಷ್ಯ ನಾಳೆಗೆಂದೇ ಒಂದು ದೊಡ್ಡ ತಟ್ಟೆ ತುಂಬ ಲಜಾನ್ಯ ಮಾಡಿ, ಯಾರೂ ಅದನ್ನು ಇವತ್ತೇ ತಿನ್ನದಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕಾಯಿತು. ಕರಿಯುವುದರ ಮೇಲೂ ಈಗ ಉಪನ್ಯಾಸವುಂಟು, ಅದು ಮೊದಲಿನದಕ್ಕಿಂತ ಉದ್ದ.

ಹಠವಾದಿಗಳ ಬಗ್ಗೆ ನನಗಿದ್ದ ಅಂಜಿಕೆ ಅಂದಿನಿಂದ ಬಹುಮಟ್ಟಿಗೆ ಕಳೆದಿದೆ. ಒಂದು ವಿದ್ಯೆಗೆ ತಮ್ಮನ್ನು ಒಪ್ಪಿಸಿಕೊಂಡ ಈ ಜನ ನಿಯಮಗಳ ಗೋಡೆ ಎಬ್ಬಿಸಿಕೊಂಡು ಒಳಗೆ ಒಬ್ಬಂಟಿಯಾಗಿ ಕೂತಿರುತ್ತಾರೆ. ತಮ್ಮ ದುಡಿಮೆ ಯಾರಿಗೂ ಬೇಡವಾಗಿದೆಯೆಂಬ ಭಯ ಅವರನ್ನು ಒಳಗೊಳಗೇ ತಿನ್ನುತ್ತಿರುತ್ತದೆ, ಕೇಳಲು ಬಾಯಿ ಬರುವುದಿಲ್ಲ. ಅವರ ಸುತ್ತಲಿನವರು ಆ ನಿಯಮಗಳನ್ನು ದಿನವೂ ಮೆಲ್ಲಗೆ ಮುರಿಯುತ್ತಲೇ ಅವರನ್ನು ಪ್ರೀತಿಸುತ್ತಿರುತ್ತಾರೆ, ಹೇಳಲು ಧೈರ್ಯ ಸಾಲುವುದಿಲ್ಲ. ಹೀಗೆ ಒಂದೇ ಸೂರಿನಡಿ ಮೂವತ್ತು ವರ್ಷ ಕಳೆದುಹೋಗುತ್ತದೆ. ಯಾವುದೋ ಬೆಳಿಗ್ಗೆ ಅವರು ಸ್ವಲ್ಪ ಬೇಗ ಮನೆಗೆ ಬಂದರೆ ಸಾಕು.